ಕೈಗೆಟುಕದ ಜಾಯಿಂಟು

ಬ್ರಿಟನ್ನಿನ ಬಹುಪಾಲು ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುವುದು ಬಿಸಿನೀರು. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪು ತಾಮ್ರದ ಪೈಪುಗಳ ಮೂಲಕ ಕೋಣೆಕೋಣೆಯ ರೇಡಿಯೇಟರಿಗೆ ತಳ್ಳುತ್ತದೆ. ಶಾಖ ಕೊಟ್ಟು ತಣಿದ ನೀರು ಇನ್ನೊಂದು ಪೈಪಿನಲ್ಲಿ ಬಾಯ್ಲರಿಗೆ ಮರಳುತ್ತದೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಸಾಧಾರಣ ಮನೆಯಲ್ಲೂ ಈ ಸುತ್ತಿನ ಹಾದಿಯಲ್ಲಿ ಹತ್ತಾರು ಜಾಯಿಂಟುಗಳಿರುತ್ತವೆ. ಅವುಗಳಲ್ಲಿ ಕೈಗೆ ಸುಲಭವಾಗಿ ಸಿಗುವಂಥವು ರೇಡಿಯೇಟರಿನ ಎರಡು ಬದಿಯವು ಮಾತ್ರ. ಉಳಿದವು ನೆಲದ ಹಲಗೆಯ ಕೆಳಗೆ, ಬಾತ್‌ಟಬ್ಬಿನ ಮಗ್ಗುಲಲ್ಲಿ, ಅಡುಗೆಮನೆಯ ಕಪಾಟುಗಳ ಬೆನ್ನಿಗೆ, ಅಟ್ಟದ ಮೂಲೆಯಲ್ಲಿ ಅಡಗಿರುತ್ತವೆ. ಇವುಗಳಲ್ಲೊಂದು ಜಿನುಗಲು ಶುರುವಾದರೆ ರಿಪೇರಿಯ ಶ್ರಮದಲ್ಲಿ ದೊಡ್ಡ ಪಾಲು ಜಾಯಿಂಟಿಗಲ್ಲ, ಅಲ್ಲಿಗೆ ಕೈ ತಲುಪಿಸುವುದಕ್ಕೇ ಹೋಗುತ್ತದೆ.

ಜಾಯಿಂಟುಗಳು ಹೀಗೆ ಅಡಗಿಕೊಂಡದ್ದಕ್ಕೆ ಚರಿತ್ರೆಯ ಕಾರಣವಿದೆ. ಅಲ್ಲಿನ ಊರುಗಳಲ್ಲಿ ಸಾಲುಸಾಲಾಗಿ ನಿಂತಿರುವ ವಿಕ್ಟೋರಿಯಾ ಕಾಲದ ಇಟ್ಟಿಗೆ ಮನೆಗಳು ಕಲ್ಲಿದ್ದಲಿನ ಅಗ್ಗಿಷ್ಟಿಕೆಗೆಂದು ಕಟ್ಟಿದವು. 1970ರ ಸುಮಾರಿನಲ್ಲೂ ದೇಶದ ಅರ್ಧಕ್ಕಿಂತ ಕಡಿಮೆ ಮನೆಗಳಲ್ಲಷ್ಟೇ ಇಡೀ ಮನೆ ಕಾಯಿಸುವ ವ್ಯವಸ್ಥೆಯಿತ್ತು. ಆಮೇಲಿನ ಎರಡು ಮೂರು ದಶಕಗಳಲ್ಲಿ ಹಳೆಯ ಮನೆಗಳ ನೆಲದ ಹಲಗೆ ಎಬ್ಬಿಸಿ, ತೊಲೆಗಳಲ್ಲಿ ಕಚ್ಚು ಕೊರೆದು ಪೈಪು ಹಾಯಿಸಲಾಯಿತು. ನೆಲ ತೆರೆದಿದ್ದ ಆ ದಿನ ಪ್ಲಂಬರಿಗೆ ಎಲ್ಲ ಜಾಯಿಂಟೂ ಕಣ್ಣೆದುರೇ ಇತ್ತು, ಕೈಯೂ ಸರಾಗವಾಗಿ ಆಡುತ್ತಿತ್ತು. ಅನಂತರ ಹಲಗೆ ಮುಚ್ಚಿತು, ಅದರ ಮೇಲೆ ಕಾರ್ಪೆಟ್ ಬಂತು, ಲ್ಯಾಮಿನೇಟ್ ಬಂತು, ಟೈಲ್ಸ್ ಬಂತು. ಗೋಡೆಗೊರಗಿ ಹೊಸ ಕಪಾಟುಗಳು ನಿಂತವು. ಒಂದೊಂದು ಹೊಸ ಅಲಂಕಾರವೂ ಪೈಪಿನಿಂದ ಕೈಯನ್ನು ಒಂದೊಂದು ಪದರ ದೂರ ಮಾಡಿತು.

ಬ್ರಿಟನ್ನಿಗೆ ಹೋಗಿ ಇಂಥ ಹಳೆಯ ಮನೆ ಕೊಂಡ ಕನ್ನಡಿಗರಿಗೆ ಈ ವ್ಯವಸ್ಥೆಯೇ ಹೊಸದು. ಕರ್ನಾಟಕದ ಮನೆಗಳಲ್ಲಿ ಕೋಣೆ ಕಾಯಿಸುವ ಪೈಪುಗಳಿಲ್ಲ. ಆದರೆ ತಾರಸಿಯ ಸೋಲಾರ್ ಹೀಟರಿನಿಂದ ಬಚ್ಚಲಿಗೆ ಇಳಿಯುವ ಪೈಪು ಗೋಡೆಯೊಳಗೆ ಹೂತಿದ್ದು, ಅದರ ಎಲ್ಬೋ ಸೋರಿದಾಗ ಎದುರಾಗುವ ಕಷ್ಟ ಇದೇ ಜಾತಿಯದು. ಕರ್ನಾಟಕದಲ್ಲಿ ಒಡೆಯಬೇಕಾದದ್ದು ಟೈಲ್ಸ್, ಬ್ರಿಟನ್ನಿನಲ್ಲಿ ಎಬ್ಬಿಸಬೇಕಾದದ್ದು ಹಲಗೆ.

ಮೊದಲ ಕೆಲಸ, ಸೋರಿಕೆ ನಿಜವಾಗಿಯೂ ನೆಲದಡಿಯಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಇಂದಿನ ಹೆಚ್ಚಿನ ಮನೆಗಳಲ್ಲಿರುವುದು ಮುಚ್ಚಿದ ವ್ಯವಸ್ಥೆ. ನೀರು ತಣ್ಣಗಿರುವಾಗ ಬಾಯ್ಲರಿನ ಮಾಪಕ 1ರಿಂದ 1.5 ಬಾರ್ ಒತ್ತಡ ತೋರಿಸಬೇಕು. ಅದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ನೀರು ಎಲ್ಲೋ ಹೊರಗೆ ಹೋಗುತ್ತಿದೆ ಎಂದರ್ಥ. ಹಾಗೆಂದು ಕೂಡಲೇ ಕಾರ್ಪೆಟ್ ಕೀಳಬಾರದು. ಒತ್ತಡ 3 ಬಾರ್ ಮುಟ್ಟಿದಾಗ ತೆರೆದುಕೊಳ್ಳುವ ಸುರಕ್ಷತಾ ವಾಲ್ವಿನ ಪೈಪು ಮನೆಯ ಹೊರಗೋಡೆಯಲ್ಲಿ ಬಾಯ್ಬಿಟ್ಟಿರುತ್ತದೆ. ಅಲ್ಲಿ ಹನಿ ಬೀಳುತ್ತಿದೆಯೇ ಎಂದು ನೋಡಬೇಕು. ಬಿಸಿಯಾದ ನೀರು ಹಿಗ್ಗಿದಾಗ ಅದಕ್ಕೆ ಜಾಗ ಕೊಡುವ ವಿಸ್ತರಣಾ ಪಾತ್ರೆ ತನ್ನೊಳಗಿನ ಗಾಳಿ ಕಳೆದುಕೊಂಡಿದ್ದರೂ ಈ ವಾಲ್ವು ಮತ್ತೆಮತ್ತೆ ತೆರೆದು ನೀರು ಚೆಲ್ಲುತ್ತದೆ. ಇದೂ ಅಲ್ಲವೆಂದಾದರೆ ರಾತ್ರಿ ಬಾಯ್ಲರ್ ಆರಿಸಿ, ತಣಿದ ಮೇಲೆ ಅದರ ಕೆಳಗಿನ ಹೋಗುವ ಮತ್ತು ಬರುವ ಪೈಪುಗಳ ವಾಲ್ವುಗಳೆರಡನ್ನೂ ಮುಚ್ಚಿಡಬೇಕು. ಬೆಳಗ್ಗೆ ಮಾಪಕ ಇಳಿದಿದ್ದರೆ ತೊಂದರೆ ಬಾಯ್ಲರಿನೊಳಗೆ. ಮಾಪಕ ಹಾಗೆಯೇ ನಿಂತಿದ್ದು, ವಾಲ್ವು ತೆರೆದೊಡನೆ ಮುಳ್ಳು ಕುಸಿದರೆ ತೊಂದರೆ ಪೈಪುಗಳ ಸುತ್ತಿನಲ್ಲಿ. ಖರ್ಚಿಲ್ಲದ ಈ ಒಂದು ರಾತ್ರಿಯ ಪರೀಕ್ಷೆ ಎಷ್ಟೋ ನೆಲಗಳನ್ನು ಉಳಿಸಬಲ್ಲದು, ಆದರೂ ಇದನ್ನು ಬಿಟ್ಟು ನೇರ ಹಲಗೆಗೆ ಕೈಹಾಕುವವರೇ ಹೆಚ್ಚು.

ಜಾಗ ಗುರುತಿಸುವುದು ಇನ್ನೊಂದು ಹಂತ. ಚಾವಣಿಯಲ್ಲಿ ಕಲೆ ಕಂಡ ಕಡೆಯೇ ಮೇಲಿನ ಜಾಯಿಂಟು ಸೋರುತ್ತಿದೆ ಎನ್ನುವಂತಿಲ್ಲ. ನೀರು ಪೈಪಿನ ಹೊಟ್ಟೆಗುಂಟ ಹರಿದು, ತೊಲೆಗೆ ತಾಗಿದಲ್ಲಿ ತಡೆದು, ಮೂಲದಿಂದ ಮಾರು ದೂರದಲ್ಲಿ ತೊಟ್ಟಿಕ್ಕಬಹುದು. ಬಾಯ್ಲರ್ ಹಚ್ಚಿದ ಹೊತ್ತಿನಲ್ಲಿ ಉಷ್ಣ ಕ್ಯಾಮೆರಾದಿಂದ ನೋಡಿದರೆ ನೆಲದಡಿಯ ಪೈಪಿನ ಹಾದಿ ಗೆರೆಯಾಗಿ ಕಾಣುತ್ತದೆ, ಸೋರಿದ ಕಡೆ ಗೆರೆ ಹರಡಿ ಮೋಡದಂತಾಗುತ್ತದೆ. ಹಲಗೆಯಲ್ಲಿ ಸಣ್ಣ ತೂತು ಕೊರೆದು ದಾರದಂಥ ಕ್ಯಾಮೆರಾ ಇಳಿಸುವ ಉಪಾಯವೂ ಇದೆ. ನಿಧಾನ ಜಿನುಗುವ ಜಾಯಿಂಟು ಒದ್ದೆಯಾಗಿಯೇ ಇರಬೇಕೆಂದಿಲ್ಲ. ಬಿಸಿಗೆ ನೀರು ಆರಿಹೋಗಿ ಹಸಿರು ಕಿಲುಬು ಅಥವಾ ಬಿಳಿ ಹೊಪ್ಪಳಿಕೆ ಉಳಿದಿರುತ್ತದೆ. ಬಿಸಿಯಾದಾಗ ಲೋಹ ಹಿಗ್ಗಿ ಸಂದು ಬಿಗಿದು, ತಣಿದಾಗ ಮಾತ್ರ ಜಿನುಗುವ ಜಾಯಿಂಟುಗಳೂ ಇವೆ. ಆದ್ದರಿಂದ ಬಿಸಿ ಮತ್ತು ತಣ್ಣಗಿನ ಎರಡೂ ಹೊತ್ತಿನಲ್ಲಿ ನೋಡದೆ ಒಂದು ಜಾಯಿಂಟನ್ನು ನಿರ್ದೋಷಿ ಎನ್ನಬಾರದು.

ಹಲಗೆ ಎಬ್ಬಿಸುವ ಮುನ್ನ ಅದರಡಿ ಇನ್ನೇನಿದೆ ಎಂದು ತಿಳಿದಿರಬೇಕು. ವಿದ್ಯುತ್ ತಂತಿಗಳೂ ಅದೇ ಸಂದಿಯಲ್ಲಿ ಹಾದಿರುತ್ತವೆ, ಹಾಗಾಗಿ ಆ ಭಾಗದ ಕರೆಂಟು ತೆಗೆಯಬೇಕು. ಗರಗಸದ ಅಲಗನ್ನು ಹಲಗೆಯ ದಪ್ಪಕ್ಕಿಂತ ಕೆಳಗೆ ಇಳಿಯದಂತೆ ಕಟ್ಟಿಕೊಳ್ಳಬೇಕು. ತೊಲೆಯ ಕಚ್ಚಿನಲ್ಲಿ ಕೂತ ಪೈಪು ಹಲಗೆಯ ಅಡಿಗೇ ಅಂಟಿಕೊಂಡಂತಿರುತ್ತದೆ. ಕಾರ್ಪೆಟ್ ಹಾಸುವವರ ಮೊಳೆ ತಾಮ್ರಕ್ಕೆ ಚುಚ್ಚಿ ಆದ ಸೋರಿಕೆಗಳಿಗೆ ಲೆಕ್ಕವಿಲ್ಲ. ಆ ಮೊಳೆಯ ತೂತು ಅಲ್ಲೇ ತುಕ್ಕು ಕಟ್ಟಿ ವರ್ಷಗಟ್ಟಲೆ ಮುಚ್ಚಿದ್ದು, ಯಾರೋ ಮೊಳೆ ಕಿತ್ತ ದಿನ ಚಿಮ್ಮುವುದೂ ಉಂಟು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಆಸ್ಬೆಸ್ಟಾಸ್ ವಿಷಯದಲ್ಲಿ. ಬ್ರಿಟನ್ನಿನಲ್ಲಿ ಅದರ ಬಳಕೆಗೆ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಅದಕ್ಕೂ ಹಿಂದಿನ ಮನೆಯಲ್ಲಿ ಪೈಪಿಗೆ ಸುತ್ತಿದ ಬೂದು ಹೊದಿಕೆಯೋ ಹಳೆಯ ಬಾಯ್ಲರಿನ ಹಿಂದಿನ ಹಲಗೆಯೋ ಸಿಕ್ಕರೆ ಅದನ್ನು ಕೆರೆಯದೆ, ಮುರಿಯದೆ, ಪರೀಕ್ಷೆಗೆ ಕೊಡುವವರೆಗೆ ಕೆಲಸ ನಿಲ್ಲಿಸಬೇಕು. ಬಾಯ್ಲರಿನ ಗ್ಯಾಸ್ ಭಾಗವನ್ನು ಮುಟ್ಟಲು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿರುವವರಿಗಷ್ಟೇ ಅನುಮತಿ. ರೇಡಿಯೇಟರ್ ಮತ್ತು ನೀರಿನ ಪೈಪಿನ ಕೆಲಸವನ್ನು ಮನೆಯವರೂ ಮಾಡಬಹುದು.

ನೀರನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಎಲ್ಲ ನೀರನ್ನೂ ಬಸಿಯುವುದೊಂದೇ ಉತ್ತರವಲ್ಲ. ಬಸಿಯುವ ನಲ್ಲಿ ಸುತ್ತಿನ ಅತಿ ತಗ್ಗಿನಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಅದೇ ಕೈಗೆಟುಕದ ಜಾಗದಲ್ಲಿದ್ದು, ಅದರ ರಬ್ಬರ್ ವಾಷರ್ ಒಣಗಿ ಅಂಟಿಕೊಂಡಿರುತ್ತದೆ. ಅಟ್ಟದಲ್ಲಿ ಸಣ್ಣ ತೊಟ್ಟಿಯಿರುವ ಹಳೆಯ ತೆರೆದ ವ್ಯವಸ್ಥೆಯಾದರೆ ತೊಟ್ಟಿಯಿಂದ ಇಳಿಯುವ ಪೈಪಿನ ಬಾಯಿಗೂ ಗಾಳಿ ಪೈಪಿನ ತುದಿಗೂ ರಬ್ಬರ್ ಬಿರಡೆ ತುರುಕಿದರೆ ಸಾಕು. ಮೇಲಿನಿಂದ ಗಾಳಿ ಒಳಬರಲು ದಾರಿಯಿಲ್ಲದ ಕಾರಣ ಕೆಳಗೆ ಜಾಯಿಂಟು ಬಿಚ್ಚಿದರೂ ಸ್ವಲ್ಪವೇ ನೀರು ಬೀಳುತ್ತದೆ. ಮುಚ್ಚಿದ ವ್ಯವಸ್ಥೆಯಲ್ಲೂ ಒತ್ತಡವನ್ನು ಸೊನ್ನೆಗಿಳಿಸಿ, ಗಾಳಿ ಬಿಡುವ ತಿರುಪುಗಳನ್ನೆಲ್ಲ ಮುಚ್ಚಿಟ್ಟರೆ ಇದೇ ಅನುಕೂಲ ಸಿಗುತ್ತದೆ. ತಾಮ್ರದ ಪೈಪಿಗೆ ಹೊರಗಿನಿಂದ ವಿಪರೀತ ತಣ್ಣನೆಯ ಪಟ್ಟಿ ಕಟ್ಟಿ ಒಳಗೆ ಮಂಜುಗಡ್ಡೆಯ ಬಿರಡೆ ಮೂಡಿಸುವ ಯಂತ್ರಗಳಿವೆ. ಪಂಪು ನಿಂತು, ನೀರು ತಣಿದು ಅಲುಗಾಡದೆ ಇದ್ದರೆ ಮಾತ್ರ ಅವು ಕೆಲಸ ಮಾಡುತ್ತವೆ. ಯಾವ ದಾರಿ ಹಿಡಿದರೂ ಬಕೆಟ್ಟು, ಹಳೇ ಬಟ್ಟೆ ಪಕ್ಕದಲ್ಲಿರಲಿ. ಉಕ್ಕಿನ ರೇಡಿಯೇಟರುಗಳೊಳಗೆ ಕೂಡಿದ ಕಬ್ಬಿಣದ ಕಪ್ಪು ಕೆಸರು ಆ ನೀರಿನಲ್ಲಿರುತ್ತದೆ, ತಿಳಿ ಬಣ್ಣದ ಕಾರ್ಪೆಟ್ಟಿಗೆ ತಾಗಿದರೆ ಹೋಗದು.

ಬಿಚ್ಚಿ ಹಾಕಬಲ್ಲ ಜಾಯಿಂಟುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಂಪ್ರೆಷನ್ ಫಿಟ್ಟಿಂಗ್. ಹಿತ್ತಾಳೆಯ ಒಡಲು, ಅದರ ಮೇಲೆ ತಿರುಗುವ ನಟ್, ನಡುವೆ ಪೈಪನ್ನು ತೊಟ್ಟ ಒಂದು ಮೆದು ಲೋಹದ ಬಳೆ. ನಟ್ ಬಿಗಿದಂತೆ ಬಳೆ ಪೈಪಿಗೆ ಕಚ್ಚಿಕೊಂಡು ನೀರು ತಡೆಯುತ್ತದೆ. ತಡೆಯುವುದು ಬಳೆಯೇ ಹೊರತು ಥ್ರೆಡ್ಡಲ್ಲ. ಆದ್ದರಿಂದ ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿ ಪ್ರಯೋಜನವಿಲ್ಲ. ಇದು ಜಿನುಗುತ್ತಿದ್ದರೆ ಒಂದು ಪಾನಾದಿಂದ ಒಡಲನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿದು ನೋಡುವುದು ಮೊದಲ ಮದ್ದು. ಹೊಸದಾಗಿ ಹಾಕುವಾಗಲೂ ಕೈಯಲ್ಲಿ ಬಿಗಿದ ಮೇಲೆ ಒಂದು, ಹೆಚ್ಚೆಂದರೆ ಒಂದೂಕಾಲು ಸುತ್ತು ಸಾಕು. ಅದಕ್ಕೂ ಮೀರಿ ಬಲ ಹಾಕಿದರೆ ಬಳೆ ಪೈಪನ್ನೇ ನುಲಿದು ಕುಗ್ಗಿಸಿ ಸೋರಿಕೆಯನ್ನು ಹೆಚ್ಚಿಸುತ್ತದೆ.

ಇಕ್ಕಟ್ಟಿನಲ್ಲಿ ಕೈಕೊಡುವುದು ಈ ಎರಡು ಪಾನಾಗಳ ನಿಯಮವೇ. ಎರಡನೆಯದಕ್ಕೆ ಜಾಗವಿಲ್ಲವೆಂದು ಒಂದರಿಂದಲೇ ನಟ್ ತಿರುಗಿಸಿದರೆ ಇಡೀ ಫಿಟ್ಟಿಂಗ್ ತಿರುಗಿ, ಅದರ ಇನ್ನೊಂದು ತುದಿಯಲ್ಲಿ ಕಣ್ಣಿಗೆ ಬೀಳದ ಕಡೆ ಗಟ್ಟಿಯಾಗಿದ್ದ ಜಾಯಿಂಟು ಸಡಿಲಾಗುತ್ತದೆ. ಒಂದು ಸೋರಿಕೆ ಎರಡಾಗುವುದು ಹೀಗೆ. ಉದ್ದ ಹಿಡಿಯ ಅಡ್ಜಸ್ಟಬಲ್ ಪಾನಾದ ದಪ್ಪ ತಲೆ ತೊಲೆಗೂ ನಟ್ಟಿಗೂ ನಡುವಿನ ಸಂದಿಯಲ್ಲಿ ಹಿಡಿಸುವುದಿಲ್ಲ. ಅಂಥಲ್ಲಿ ತೆಳುವಾದ ಸಾದಾ ಬಾಯಿ ಪಾನಾ ಒಳ್ಳೆಯದು. ಅದರ ಬಾಯನ್ನು ಹಿಡಿಗೆ 15 ಡಿಗ್ರಿ ಓರೆಯಾಗಿ ಮಾಡಿರುವುದಕ್ಕೆ ಅರ್ಥವಿದೆ: ಒಂದು ಎಳೆತದ ನಂತರ ಪಾನಾವನ್ನು ಮಗುಚಿ ಹಿಡಿದರೆ 30 ಡಿಗ್ರಿ ತಿರುಗುವಷ್ಟು ಜಾಗದಲ್ಲೇ ಆರು ಮೂಲೆಯ ನಟ್ಟನ್ನು ಹಂತಹಂತವಾಗಿ ಪೂರ್ತಿ ಬಿಚ್ಚಬಹುದು. ಹಿಡಿಯೇ ಹೋಗದ ಆಳವಾದರೆ, ರ‍್ಯಾಚೆಟ್ಟಿನ ಉದ್ದ ಕಡ್ಡಿಯ ತುದಿಗೆ ಸಿಕ್ಕಿಸುವ ಕಾಗೆಕಾಲಿನ ಆಕಾರದ ಬಿಡಿ ಬಾಯಿ ಸಿಗುತ್ತದೆ. ವಾಷ್‌ಬೇಸಿನ್ ನಲ್ಲಿಯ ಹಿಂಬದಿ ನಟ್ಟಿಗೆಂದೇ ಮಾಡಿದ ಬೇಸಿನ್ ರೆಂಚ್ ಮೇಲ್ಮುಖವಾಗಿ ಕೂತ ನಟ್ಟುಗಳಿಗೆ ಸರಿ, ಅಡ್ಡ ಮಲಗಿದ ಪೈಪಿಗೆ ಅದರಿಂದ ಹೆಚ್ಚು ಉಪಕಾರವಿಲ್ಲ. ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ ಮತ್ತು ತಲೆಗೆ ಕಟ್ಟುವ ದೀಪ ಈ ಎಲ್ಲ ಪಾನಾಗಳಷ್ಟೇ ಮುಖ್ಯ. ಕಾಣದ್ದನ್ನು ಬೆರಳ ಅಂದಾಜಿನಲ್ಲಿ ಬಿಗಿಯುವಾಗ ಥ್ರೆಡ್ ಓರೆಯಾಗಿ ಕಚ್ಚಿದ್ದು ಗೊತ್ತಾಗುವುದೇ ಇಲ್ಲ.

ವರ್ಷಗಳಿಂದ ಅಲುಗದ ನಟ್ಟಿನ ಜತೆ ತಾಳ್ಮೆ ಬೇಕು. ಪಂಪಿನ ಎರಡು ಬದಿಯ ದೊಡ್ಡ ನಟ್ಟುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಪಂಪು ಇರುವುದು ಬಿಸಿನೀರಿನ ಸಿಲಿಂಡರ್ ಇಟ್ಟ ಏರಿಂಗ್ ಕಪ್‌ಬೋರ್ಡಿನಲ್ಲಿ, ಸಿಲಿಂಡರಿಗೂ ಗೋಡೆಗೂ ನಡುವೆ. ಮನೆಬಳಕೆಯ ಪಂಪುಗಳ ಉದ್ದ ಸಾಮಾನ್ಯವಾಗಿ 130 ಮಿಲಿಮೀಟರ್, ನಟ್ಟು ಒಂದೂವರೆ ಇಂಚು. ಅಳತೆ ಒಂದೇ ಆದ್ದರಿಂದ ಹೊಸ ಪಂಪು ಹಳೆಯದರ ಜಾಗಕ್ಕೆ ಸಲೀಸಾಗಿ ಕೂರುತ್ತದೆ. ಹಳೆಯದನ್ನು ಬಿಡಿಸುವುದೇ ಕಷ್ಟ. ನಟ್ಟಿಗೆ ಸಂದಿಯೊಳಗೆ ತೂರುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು. ಬಿಚ್ಚುವ ಮುನ್ನ ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೇ ತಿರುಗಿಸಿದರೆ ಒಳಗಿನ ತುಕ್ಕಿನ ಹಿಡಿತ ಒಡೆಯುತ್ತದೆ. ಅದಕ್ಕೂ ಜಗ್ಗದಿದ್ದರೆ ಹಿಡಿಗೆ ಪೈಪು ತೊಡಿಸಿ ಜೋಲುಬೀಳುವುದು ತಪ್ಪು, ಆ ಬಲವೆಲ್ಲ ಹೋಗುವುದು ಆಚೆಗಿರುವ ಮೆತ್ತನೆಯ ತಾಮ್ರಕ್ಕೆ. ನಟ್ಟಿನ ಒಂದು ಮುಖಕ್ಕೆ ಚಿಕ್ಕ ಗರಗಸದಿಂದ ಓರೆಯಾಗಿ, ಥ್ರೆಡ್ ಮುಟ್ಟುವ ಮುಂಚೆ ನಿಲ್ಲುವಂತೆ ಗೀರು ಹಾಕಿ, ಆ ಗೀರಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ತಿರುವಿದರೆ ನಟ್ಟು ಬಿರಿಯುತ್ತದೆ. ಹೊಸ ಪಂಪು ಕೂರಿಸುವಾಗ ಅದರ ಒಳಗಿನ ದಂಡ ಅಡ್ಡಡ್ಡಲಾಗಿರಬೇಕು. ಇಕ್ಕಟ್ಟೆಂದು ಓರೆಯಾಗಿಯೋ ನೆಟ್ಟಗೋ ಕೂರಿಸಿದರೆ ಬೇರಿಂಗ್ ಬೇಗ ಸವೆಯುತ್ತದೆ.

ಇಷ್ಟೆಲ್ಲ ಉಪಕರಣಗಳ ನಂತರವೂ ಸೋಲೊಪ್ಪದ ಜಾಯಿಂಟುಗಳು ಉಳಿಯುತ್ತವೆ. ಅಲ್ಲಿ ಇನ್ನೂ ಚಿಕ್ಕ ಪಾನಾ ಹುಡುಕುವುದಕ್ಕಿಂತ ಯೋಚನೆಯನ್ನೇ ಬದಲಿಸುವುದು ಮೇಲು. ಕೈ ಜಾಯಿಂಟಿನ ಹತ್ತಿರ ಹೋಗದಿದ್ದರೆ ಜಾಯಿಂಟನ್ನೇ ಕೈಯ ಹತ್ತಿರ ತರಬೇಕು. ಅಂದರೆ ಕೆಟ್ಟ ಫಿಟ್ಟಿಂಗಿನ ಎರಡೂ ಕಡೆ, ಪೈಪು ಆರಾಮಾಗಿ ಕೈಗೆ ಸಿಗುವಲ್ಲಿ ಕತ್ತರಿಸಿ, ನಡುವಿನ ತುಂಡನ್ನು ಫಿಟ್ಟಿಂಗ್ ಸಮೇತ ಹೊರಗೆಳೆದು, ಮೇಜಿನ ಮೇಲೆ ಹೊಸ ತುಂಡು ಸಿದ್ಧಮಾಡಿ ಮತ್ತೆ ಸೇರಿಸುವುದು. ಕಷ್ಟದ ಜಾಯಿಂಟನ್ನು ಬೆಳಕಿನಲ್ಲಿ, ಎರಡೂ ಕೈಯಲ್ಲಿ ಮಾಡಿದಂತಾಯಿತು. ನೆಲದಡಿಯಲ್ಲಿ ಉಳಿದದ್ದು ನೇರ ಪೈಪಿನ ಎರಡು ಸುಲಭ ಜಾಯಿಂಟು. ಅನುಭವಸ್ಥ ಪ್ಲಂಬರನ ಗುರುತೇ ಇದು: ಎಲ್ಲಿ ಬಿಚ್ಚಬೇಕು ಎನ್ನುವುದಕ್ಕಿಂತ ಎಲ್ಲಿ ಕತ್ತರಿಸಬೇಕು ಎಂದು ಆತ ಮೊದಲು ನೋಡುತ್ತಾನೆ.

ಕತ್ತರಿಸಲು ಪೈಪ್ ಸ್ಲೈಸ್ ಎಂಬ ಪುಟ್ಟ ಉರುಟು ಕಟ್ಟರ್ ಇದೆ. ಪೈಪಿಗೆ ಸಿಕ್ಕಿಸಿ ಸುತ್ತ ತಿರುಗಿಸಿದರಾಯಿತು. ಪೈಪಿನ ಸುತ್ತ ಬೆರಳಗಲ ಜಾಗವಿದ್ದರೆ ಸಾಕು. ಸೇರಿಸಲು ಬೇಕಾದದ್ದು ಸ್ಲಿಪ್ ಕಪ್ಲಿಂಗ್. ಸಾಮಾನ್ಯ ಕಪ್ಲಿಂಗಿನೊಳಗೆ ಪೈಪು ಮುಂದೆ ಹೋಗದಂತೆ ನಡುವೆ ಒಂದು ತಡೆಯಿರುತ್ತದೆ. ಎರಡೂ ತುದಿ ಮಿಸುಕಾಡದ ಪೈಪುಗಳ ನಡುವೆ ಅದನ್ನು ತೂರಿಸಲಾಗದು. ಸ್ಲಿಪ್ ಕಪ್ಲಿಂಗಿಗೆ ಆ ತಡೆಯಿಲ್ಲ. ಅದನ್ನು ಒಂದು ಪೈಪಿನ ಮೇಲೆ ಪೂರ್ತಿ ಹಿಂದಕ್ಕೆ ಜಾರಿಸಿಟ್ಟು, ಹೊಸ ತುಂಡನ್ನು ಸಾಲಿಗೆ ಹಿಡಿದು, ಮತ್ತೆ ಮುಂದಕ್ಕೆ ಜಾರಿಸಿ ಎರಡನ್ನೂ ಸಮನಾಗಿ ಹಿಡಿಯುವಂತೆ ನಿಲ್ಲಿಸಬಹುದು. ಎಲ್ಲಿ ನಿಲ್ಲಬೇಕೆಂದು ಮೊದಲೇ ಪೈಪಿನ ಮೇಲೆ ಪೆನ್ನಿನಿಂದ ಗೆರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಒಂದು ಬದಿಗೆ ಸರಿದು ಇನ್ನೊಂದು ಬದಿಯ ಹಿಡಿತ ತಪ್ಪುತ್ತದೆ.

ಹಳೆಯ ಮನೆಯಲ್ಲಿ ಅಳತೆಯದೊಂದು ತೊಡಕಿದೆ. 1970ರ ದಶಕದ ಆರಂಭದಲ್ಲಿ ಬ್ರಿಟನ್ ಇಂಚಿನ ಪೈಪಿನಿಂದ ಮಿಲಿಮೀಟರ್ ಪೈಪಿಗೆ ಬದಲಾಯಿತು. ಅರ್ಧ ಇಂಚಿನ ಹಳೆಯ ಪೈಪಿಗೆ ಇಂದಿನ 15 ಮಿಲಿಮೀಟರ್ ಕಂಪ್ರೆಷನ್ ಫಿಟ್ಟಿಂಗ್ ಹೊಂದುತ್ತದೆ, ಒಂದು ಇಂಚಿನದಕ್ಕೆ 28 ಹೊಂದುತ್ತದೆ. ಮುಕ್ಕಾಲು ಇಂಚಿನದು ಮಾತ್ರ 22ರ ಜೊತೆ ಹೊಂದುವುದಿಲ್ಲ. ಅದಕ್ಕೆಂದೇ ಬೇರೆ ಬಳೆ ತರಬೇಕು. ಬೆಸುಗೆ ಹಾಕುವುದಾದರೆ ಅರ್ಧ ಇಂಚಿಗೂ ಹೊಂದಾಣಿಕೆಯ ತುಂಡು ಬೇಕು. ಕತ್ತರಿಸಿದ ಮೇಲೆ ಇದು ತಿಳಿದರೆ ಮನೆ ಆ ರಾತ್ರಿ ತಣ್ಣಗೇ ಇರುತ್ತದೆ, ಆದ್ದರಿಂದ ಅಳತೆ ಮೊದಲು, ಕಟ್ಟರ್ ಆಮೇಲೆ.

ಹೊಸ ಜಾಯಿಂಟು ಯಾವ ಬಗೆಯದಿರಬೇಕು ಎನ್ನುವುದನ್ನು ಜಾಗವೇ ಹೇಳುತ್ತದೆ. ಬೆಸುಗೆ ಹಾಕಿದ ತಾಮ್ರ ಬಹುಕಾಲ ಬಾಳುತ್ತದೆ, ಜಾಗವನ್ನೂ ಕಡಿಮೆ ಬೇಡುತ್ತದೆ. ಆದರೆ ನೂರು ವರ್ಷ ಒಣಗಿದ ತೊಲೆ, ಅದರ ಮೇಲಿನ ಧೂಳು, ಹಳೆಯ ಮರದ ಹೊಟ್ಟು ಇವುಗಳ ನಡುವೆ ಬೆಂಕಿಯ ನಾಲಗೆ ಹಿಡಿಯುವುದು ಸಣ್ಣ ವಿಷಯವಲ್ಲ. ಕಿಡಿ ಮರದ ಸಂದಿಯಲ್ಲಿ ಹೊಗೆಯಿಲ್ಲದೆ ಕನಲುತ್ತಿದ್ದು ಗಂಟೆಯ ನಂತರ ಹೊತ್ತಿಕೊಳ್ಳಬಹುದು. ಬೆಂಕಿ ತಡೆವ ಚಾಪೆ, ಪಕ್ಕದಲ್ಲಿ ನೀರು, ಮುಗಿದ ಮೇಲೆ ಒಂದು ಗಂಟೆಯಾದರೂ ಕಾವಲು ಬೇಕೇ ಬೇಕು. ಪೈಪಿನೊಳಗೆ ಒಂದಿಷ್ಟು ನೀರು ಉಳಿದಿದ್ದರೂ ಶಾಖವನ್ನೆಲ್ಲ ಅದೇ ಕುಡಿದು ಬೆಸುಗೆ ಕರಗದು. ಹಳೆಯ ಕಾಲದವರು ಪೈಪಿಗೆ ಬ್ರೆಡ್ಡಿನ ಉಂಡೆ ತುರುಕಿ ನೀರು ತಡೆಯುತ್ತಿದ್ದರು. ನಲ್ಲಿಯಿರುವ ಪೈಪಿನಲ್ಲಿ ಅದು ಕರಗಿ ಹೊರಹೋಗುತ್ತದೆ, ಮುಚ್ಚಿದ ಸುತ್ತಿನಲ್ಲಿ ಅದಕ್ಕೆ ಹೊರದಾರಿಯಿಲ್ಲ. ಇಲ್ಲಿ ಅದನ್ನು ಬಳಸದಿರುವುದೇ ವಾಸಿ.

ಕಂಪ್ರೆಷನ್ ಫಿಟ್ಟಿಂಗ್ ಬಿಟ್ಟರೆ ಬೆಂಕಿಯಿಲ್ಲದ ದಾರಿ ಇನ್ನೆರಡು. ಮೊದಲನೆಯದು ಯಂತ್ರದ ದವಡೆಯಿಂದ ಫಿಟ್ಟಿಂಗನ್ನು ಪೈಪಿನ ಮೇಲೆ ಅದುಮುವ ಪ್ರೆಸ್ ಜಾಯಿಂಟು. ಕೆಲಸ ಕ್ಷಣಾರ್ಧದ್ದಾದರೂ ಆ ದವಡೆ ಪೈಪನ್ನು ಸುತ್ತುವಷ್ಟು ಜಾಗ ಬೇಕು. ಎರಡನೆಯದು ಪುಶ್-ಫಿಟ್: ಪೈಪನ್ನು ಒತ್ತಿ ತೂರಿಸಿದರೆ ಒಳಗಿನ ಉಕ್ಕಿನ ಹಲ್ಲುಗಳು ಹಿಡಿದುಕೊಳ್ಳುತ್ತವೆ, ರಬ್ಬರ್ ಉಂಗುರ ನೀರು ತಡೆಯುತ್ತದೆ. ಪಾನಾ ಬೇಡ, ಒಂದೇ ಕೈ ಸಾಕು. ಇಕ್ಕಟ್ಟಿಗೆ ಹೇಳಿ ಮಾಡಿಸಿದಂತಿದ್ದರೂ ಇದರ ಶರತ್ತುಗಳು ಕಟ್ಟುನಿಟ್ಟು. ಪೈಪಿನ ತುದಿ ದುಂಡಗೆ, ನುಣುಪಾಗಿ, ಬಣ್ಣವಿಲ್ಲದೆ ಇರಬೇಕು. ಕತ್ತರಿಸಿದ ಅಂಚಿನ ಒಂದು ಚೂಪು ಸಾಕು ರಬ್ಬರ್ ಸೀಳಲು. ಪ್ಲಾಸ್ಟಿಕ್ ಪೈಪಾದರೆ ಒಳಗೆ ಬಿಗಿ ಕೊಡುವ ಪುಟ್ಟ ಕೊಳವೆ ಹಾಕಲೇಬೇಕು. ಬಾಯ್ಲರಿನಿಂದ ಮೊದಲ ಒಂದು ಮೀಟರಿನವರೆಗೆ ಪ್ಲಾಸ್ಟಿಕ್ ಬಾರದು, ತಾಮ್ರವೇ ಇರಬೇಕು. ಮತ್ತೆಂದೂ ತೆರೆಯದ ಜಾಗದಲ್ಲಿ ಮಾತ್ರ ಪುಶ್-ಫಿಟ್‌ಗಿಂತ ಬೆಸುಗೆಯೇ ನಂಬಿಗಸ್ತ ಎನ್ನಬೇಕಾಗುತ್ತದೆ.

ಕಾಂಕ್ರೀಟ್ ನೆಲದೊಳಗೆ ಹೂತ ಪೈಪಿಗೆ ಈ ಯಾವ ಉಪಾಯವೂ ಸಾಲದು. ಹೊದಿಕೆಯಿಲ್ಲದೆ ಹೂತ ತಾಮ್ರ ಹಿಗ್ಗಲಾರದೆ ತಿಕ್ಕಾಡಿ ಸವೆಯುತ್ತದೆ. ಹತ್ತು ಮೀಟರ್ ತಾಮ್ರ 60 ಡಿಗ್ರಿ ಬಿಸಿಯೇರಿದರೆ ಸುಮಾರು 10 ಮಿಲಿಮೀಟರ್ ಉದ್ದವಾಗುತ್ತದೆ. ಒಂದು ಕಡೆ ಸೋರಿದ ಇಂಥ ಪೈಪು ಇನ್ನೊಂದು ಕಡೆಯೂ ಸೋರುವ ಹಾದಿಯಲ್ಲೇ ಇರುತ್ತದೆ. ಹಾಗಾಗಿ ನೆಲ ಅಗೆದು ತೇಪೆ ಹಾಕುವ ಬದಲು ಆ ಭಾಗವನ್ನು ಎರಡೂ ತುದಿಯಲ್ಲಿ ಮುಚ್ಚಿ ಹಾಗೆಯೇ ಬಿಟ್ಟು, ಗೋಡೆಯ ಬುಡದ ಪಟ್ಟಿಗುಂಟ ಹೊಸ ಪೈಪು ಎಳೆಯುವುದು ಹೆಚ್ಚಿನ ಕಡೆ ಜಾಣತನ. ಪೈಪು ಕಣ್ಣಿಗೆ ಕಾಣುತ್ತದೆ ಎಂಬುದನ್ನು ದೋಷವೆಂದು ಎಣಿಸುವ ಮನೆಯವರಿಗೆ ಅದೇ ಗುಣವೆಂದು ತಿಳಿಹೇಳಬೇಕಾಗುತ್ತದೆ.

ಹೊಸ ಪೈಪಿಗಾಗಿ ತೊಲೆಗೆ ಕೈ ಹಾಕುವುದಿದ್ದರೆ ಮಿತಿಯೊಳಗಿರಬೇಕು. ಬ್ರಿಟನ್ನಿನ ಕಟ್ಟಡ ಮಾರ್ಗಸೂಚಿಯ ಪ್ರಕಾರ ಮೇಲಂಚಿನ ಕಚ್ಚು ತೊಲೆಯ ಆಳದ ಎಂಟನೇ ಒಂದು ಭಾಗವನ್ನು ಮೀರಬಾರದು, ಆಳದ ನಡುಮಧ್ಯೆ ಕೊರೆವ ತೂತಿನ ಅಗಲ ಆಳದ ಕಾಲು ಭಾಗವನ್ನು ಮೀರಬಾರದು. ಎರಡೂ ತೊಲೆಯ ಉದ್ದದ ನಟ್ಟನಡುವೆ ಇರಬಾರದು. ಕಚ್ಚಿನಲ್ಲಿ ಪೈಪಿನ ಅಡಿಗೆ ಫೆಲ್ಟ್ ತುಂಡು ಇಟ್ಟರೆ ಹಿಗ್ಗುವಾಗಿನ ಕಿರಿಕಿರಿ ಸದ್ದು ನಿಲ್ಲುತ್ತದೆ.

ಜಾಯಿಂಟು ಮುಗಿದ ಮೇಲೆ ನೀರು ತುಂಬಿ, ಕೆಳಗಿನ ರೇಡಿಯೇಟರಿನಿಂದ ಆರಂಭಿಸಿ ಗಾಳಿ ಬಿಡಬೇಕು. ಬಸಿದ ನೀರಿನೊಂದಿಗೆ ತುಕ್ಕು ತಡೆವ ರಾಸಾಯನಿಕವೂ ಹೋಗಿರುವುದರಿಂದ ಅದನ್ನು ಮತ್ತೆ ಸೇರಿಸಬೇಕು. ತಣ್ಣಗಿರುವಾಗ ಒಮ್ಮೆ ಜಾಯಿಂಟಿಗೆ ಒಣ ಕಾಗದ ಒತ್ತಿ ನೋಡಿ, ಬಾಯ್ಲರ್ ಹಚ್ಚಿ ಪೂರ್ತಿ ಬಿಸಿಯಾದಾಗ ಇನ್ನೊಮ್ಮೆ, ಮತ್ತೆ ತಣಿದ ಮೇಲೆ ಮಗದೊಮ್ಮೆ ನೋಡಬೇಕು. ಕಾಗದದಲ್ಲಿ ಒಂದು ಚುಕ್ಕೆ ತೇವವೂ ಮೂಡದಿದ್ದರೆ ಮಾತ್ರ ಹಲಗೆ ಮುಚ್ಚಬಹುದು. ಮುಚ್ಚುವಾಗ ಮೊಳೆ ಬೇಡ, ಸ್ಕ್ರೂ ಇರಲಿ. ಹಲಗೆಯ ಕತ್ತರಿಸಿದ ತುದಿಗಳ ಅಡಿಗೆ ತೊಲೆಯ ಪಕ್ಕದಲ್ಲಿ ಆಧಾರದ ಪಟ್ಟಿ ಇರಲಿ. ತೆರೆದ ನೆಲದ ಫೋಟೊವನ್ನು ಅಳತೆಪಟ್ಟಿ ಕಾಣುವಂತೆ ತೆಗೆದು, ಹಲಗೆಯ ಮೇಲೆ ಪೈಪಿನ ಹಾದಿಯನ್ನು ಪೆನ್ಸಿಲಿನಲ್ಲಿ ಗುರುತಿಸಿಟ್ಟರೆ ಮುಂದಿನ ಸಲ ಕಾರ್ಪೆಟ್ ಎತ್ತುವವರು ಎಲ್ಲಿ ಮೊಳೆ ಹೊಡೆಯಬಾರದೆಂದು ತಿಳಿಯುತ್ತಾರೆ.